ಹಾಡಿನಲ್ಲಿ ಕಂಡ ನಮ್ಮ ಗೇಟು

ಆಗಸ್ಟ್ 14, ಶುಕ್ರವಾರ

ನಮ್ಮ ನೀಲಿ ಗೇಟು ಈಗ ಇಡೀ ಕಿಂಗ್‌ಸ್ಟನ್ನಿಗೆ, ಇಡೀ ಜಮೈಕಾಕ್ಕೆ ಗೊತ್ತು. ನನ್ನ ಮಗ ಜೆವಾನ್ ಪ್ರೀತಿಸಿದ ಹುಡುಗ ಒಡೇನ್, ಈಗ ನನ್ನ ಜೊತೆಗೇ ಇರುವವನು, ನಮ್ಮ ಜಗಲಿಯಲ್ಲೇ ನಿಂತು ಹಾಡಿದ್ದಾನೆ. ಗಂಡು ಗಂಡನ್ನು ಪ್ರೀತಿಸಿದರೆ ಕೊಲ್ಲಬೇಡಿ ಎನ್ನುವ ಹಾಡು. ಊರೆಲ್ಲ ನೋಡಿದ ಅದರ ವೀಡಿಯೊದಲ್ಲಿ ಹಿಂದೆ ನಮ್ಮ ಗೇಟು ಕಾಣುತ್ತದೆ, ಜೆವಾನನ ಫೋಟೊ ಒಡೇನನ ಎದೆಯ ಮೇಲಿದೆ. ಜೆವಾನನನ್ನು ಕೊಂದವರು ಇನ್ನೂ ಸಿಕ್ಕಿಲ್ಲ.

ಇವತ್ತು ಅಂಗಡಿಯ ಮುಂದೆ ಬೈಕಿನವನೊಬ್ಬ ಹಲ್ಲು ಕಿರಿದ.

"ಏನ್ ಮೇವಿಸಮ್ಮ, ಸ್ಟಾರ್ ಆಗ್ಬಿಟ್ರಲ್ಲ! ನಿಮ್ ಹಾಡುಗಾರ ಯಾವ ರೂಮಲ್ಲಿ ಮಲಗ್ತಾನೆ?"

"ನಿನಗ್ಯಾಕಪ್ಪ ಅದು?"

"ಸುಮ್ನೆ. ಜೋಗುಳ ಹಾಡೋಣ ಅಂತ."

ಮನೆಗೆ ಬಂದು ಊರು ಬಿಡು ಎಂದೆ. ಒಡೇನ್ ಕೇಳಲಿಲ್ಲ. "ಮುಖ ತೋರಿಸಿ ಹಾಡಿದೀನಿ ಅಮ್ಮಾ. ಈಗ ಬಚ್ಚಿಟ್ಕೊಂಡ್ರೆ ಜೆವಾನ್ ನಗ್ತಾನೆ."

ಸತ್ತವರು ಗುರುತು ಹಿಡಿದು ಮರಳದಿರಲಿ ಎಂದು ಒಂಬತ್ತನೆಯ ರಾತ್ರಿ ಮಂಚದ ಜಾಗ ಬದಲಿಸುವುದು ನಮ್ಮ ರೂಢಿ. ಜೆವಾನ್ ಬರಲಿ ಎಂದೇ ನಾನು ಅವನ ಮಂಚ ಮುಟ್ಟಿರಲಿಲ್ಲ. ಇವತ್ತು ಸಂಜೆ ಅದನ್ನು ಕಿಟಕಿಯ ಬಳಿಯಿಂದ ಎಳೆದು ಒಳಗಿನ ಗೋಡೆಗೆ ಸೇರಿಸಿದೆ.

ಇನ್ನು ನಿನಗೆ ಗುರುತು ಸಿಗುವುದಿಲ್ಲ, ಮಗನೇ. ಬರಬೇಡ ಅಂತಲ್ಲ. ಅದರ ಮೇಲೆ ಈಗ ಒಡೇನ್ ಮಲಗುತ್ತಾನೆ, ಕಿಟಕಿಯಿಂದ ಗುಂಡು ಬಂದರೆ ಅವನಿಗೆ ತಾಗಬಾರದು, ಅದಕ್ಕೆ.