ಪೋಷಕರ ಮೊಹರು

ಯಾಯಿಜು
ನವೆಂಬರ್ 14

ಮ್ಯಾನೇಜರ್ ಸಾಹೇಬರಿಗೆ, ಅಲ್ಲ, ನಮ್ಮ ಮನೆಯವರಿಗೆ,

ನಮಸ್ಕಾರ. ಚಳಿ ಶುರುವಾಗಿದೆ, ಮಂಡಿ ಹೇಗಿದೆ? ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಕೋಪ ಆರಲಿ ಎಂದು ಕಾದೆ. ಆರಲಿಲ್ಲ. ಫೋನಿನಲ್ಲಾದರೆ "ಮೀಟಿಂಗಿದೆ" ಎಂದು ಇಟ್ಟುಬಿಡುತ್ತೀರಿ, ಅದಕ್ಕೇ ಕಾಗದ.

ನಿಮ್ಮ ಫುಟ್‌ಬಾಲ್ ಕ್ಲಬ್ಬಿನ ಲಕೋಟೆ ಬಂದಾಗ ಇಬುಕಿ ಅಲ್ಲಿಯ ಹಾಸ್ಟೆಲಿನಿಂದ ರಜೆಗೆ ಬಂದಿದ್ದ. ಅಂಚೆಯವನ ಕೈಯಿಂದ ಅವನೇ ಇಸಕೊಂಡ. "ಅಮ್ಮಾ, ಅಪ್ಪನಿಗೆ ಅಪ್ಪನೇ ಕಾಗದ ಬರೆದಿದ್ದಾರೆ ನೋಡು!" ಎಂದು ನಗುತ್ತಾ ಒಡೆದ. ಮೇಲೆ "ಪೋಷಕರಾದ ಕುರಾಹಾಶಿ ತೊಮೊನೊರಿ ಅವರಿಗೆ", ಕೆಳಗೆ "ಮ್ಯಾನೇಜರ್ ಕುರಾಹಾಶಿ ತೊಮೊನೊರಿ". ನಿಮಗೆ ನೀವೇ ಕುಶಲ ಕೇಳಿಕೊಂಡು, ನಡುವೆ ಎರಡೇ ಸಾಲು: ನಿಮ್ಮ ಸುಪುತ್ರನನ್ನು ಮುಂದಿನ ವರ್ಷ ಹಿರಿಯರ ತಂಡಕ್ಕೆ ಸೇರಿಸಿಕೊಳ್ಳಲಾಗದು. ಜೊತೆಗೊಂದು ಒಪ್ಪಿಗೆ ಚೀಟಿ, ಪೋಷಕರು ಸಹಿಯ ಜಾಗದಲ್ಲಿ ಮನೆಯ ಮೊಹರು ಒತ್ತಿ ವಾಪಸು ಕಳಿಸಬೇಕಂತೆ. ಓದಿ ಮುಗಿಸಿದ ಮೇಲೂ ಹುಡುಗನ ನಗು ಮುಖದ ಮೇಲೇ ಉಳಿದಿತ್ತು, ತೆಗೆಯುವುದು ಹೇಗೆಂದು ಗೊತ್ತಾಗದವನ ಹಾಗೆ.

ಹಿಂದಿನ ದಿನ ಅವನನ್ನು ಸ್ಟೇಷನ್ನಿಗೆ ಬಿಟ್ಟವರು ನೀವೇ ಅಲ್ಲವೇ? ಕಾರಿನಲ್ಲಿ ನಲವತ್ತು ನಿಮಿಷ ಅಪ್ಪ ಏನು ಮಾತಾಡಿದರು ಎಂದು ಕೇಳಿದೆ. "ಬೆಲ್ಟ್ ಹಾಕ್ಕೋ ಅಂದ್ರು" ಎಂದ.

ಕೈಬಿಟ್ಟದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಅವನ ಎಡಗಾಲಿನಲ್ಲಿ ಜೋರಿಲ್ಲ, ನನಗೂ ಕಾಣುತ್ತದೆ. ಆದರೆ ಮೊನ್ನೆ ಅವನ ಜೊತೆ ಆಡುವ ಒನೋದೆರಾ ಹುಡುಗನ ತಾಯಿ ಫೋನ್ ಮಾಡಿದ್ದರು. ಅವನನ್ನೂ ಕೈಬಿಟ್ಟಿರಂತೆ. "ನಿಮ್ಮ ಯಜಮಾನ್ರು ದೊಡ್ಡ ಮನುಷ್ಯರು ಕಣ್ರೀ. ಇವನನ್ನ ಹೋಟ್ಲಿಗೆ ಕರ್ಕೊಂಡು ಹೋಗಿ ಸೋಬಾ ಶಾವಿಗೆ ತಿನ್ಸಿ, ಎದುರು ಕೂತು ಹೇಳಿದ್ರಂತೆ. ತಲೆ ಬಗ್ಗಿಸಿ ಕ್ಷಮೆ ಕೇಳಿದ್ರಂತೆ!" "ಹೌದಾ, ಸಂತೋಷ" ಎಂದೆ. ಫೋನ್ ಇಟ್ಟು ಮೂಲಂಗಿ ಹೆಚ್ಚತೊಡಗಿದವಳು ಮೂರು ದಿನಕ್ಕಾಗುವಷ್ಟು ಹೆಚ್ಚಿದೆ.

ಊರ ಮಕ್ಕಳಿಗೆ ಸೋಬಾ, ಸ್ವಂತ ಮಗನಿಗೆ ಅಂಚೆ! ನೀವೇನೆನ್ನುತ್ತೀರಿ ಗೊತ್ತು: "ಮಗ ಅಂತ ವಿಶೇಷವಾಗಿ ನೋಡಿದೆ ಅನ್ನಬಾರದಲ್ಲ." ವಿಶೇಷ ಯಾರು ಕೇಳಿದರು? ಒನೋದೆರಾ ಹುಡುಗನಿಗೆ ಮಾಡಿದಷ್ಟು ಮಾಡಿದ್ದರೆ ಸಾಕಿತ್ತು.

ಮೂವತ್ತೊಂದನೇ ವಯಸ್ಸಿಗೆ ನಿಮ್ಮನ್ನು ತಂಡದಿಂದ ಬಿಟ್ಟದ್ದೂ ಕಾಗದದಲ್ಲೇ, ಮರೆತಿರಾ? ಒಂಬತ್ತು ವರ್ಷ ಗೋಲಿನ ಮುಂದೆ ನಿಂತು ಮಂಡಿ ಸವೆಸಿದವರಿಗೆ ಒಂದು ಲಕೋಟೆ. ಅಡುಗೆಮನೆಯಲ್ಲಿ ಅದನ್ನು ಹರಿದು ಕೂಗಾಡಿದಿರಿ: "ಮುಖ ನೋಡಿ ಹೇಳೋಕೆ ಇವರಿಗೇನು ರೋಗ! ನಾನು ಮ್ಯಾನೇಜರ್ ಆದ್ರೆ ಒಬ್ಬೊಬ್ಬರನ್ನೂ ಎದುರು ಕೂರಿಸಿ ಹೇಳ್ತೀನಿ." ಆ ಮಾತು ನಂಬಿಯೇ ನಾನು ಮೂರು ಊರು, ಮೂರು ಕ್ಲಬ್ಬು, ನಿಮ್ಮ ಒಂಟಿ ಬಿಡಾರ ಎಲ್ಲ ಸಹಿಸಿದ್ದು. ಆ ಒಬ್ಬೊಬ್ಬರಲ್ಲಿ ನಮ್ಮವನು ಸೇರಲಿಲ್ಲವೇ?

ಸಿಟ್ಟಿನಲ್ಲೂ ಒಣಮೀನು ಕಳಿಸಿದ್ದೇನೆ, ಬೇಗ ತಿಂದುಬಿಡಿ. ಭಾನುವಾರದ ಪಂದ್ಯ ಗೆಲ್ಲಿ. ದೇವರು ನಿಮಗೆ ಆರೋಗ್ಯ ಕೊಡಲಿ, ಬಾಯಿಯನ್ನೂ ಕೊಡಲಿ.

ಇಂತು,
ಚಿಸಾಟೊ

ತಾ.ಕ.: ಒಪ್ಪಿಗೆ ಚೀಟಿ ಇದರೊಳಗಿದೆ. ತುಂಬಿದವಳು ನಾನಲ್ಲ, ಇಬುಕಿ. "ಪೋಷಕರು" ಎಂಬಲ್ಲಿ ನಿಮ್ಮ ಹೆಸರು, "ಸಂಬಂಧ" ಎಂಬಲ್ಲಿ "ತಂದೆ" ಎಂದು ಬರೆದಿದ್ದ. ಆಮೇಲೆ ಎರಡರ ಮೇಲೂ ಸ್ಕೇಲಿಟ್ಟು ಜೋಡಿಗೆರೆ ಎಳೆದು, ನನ್ನ ಹೆಸರು, "ತಾಯಿ" ಎಂದು ತಿದ್ದಿದ. "ತಿದ್ದಿದ ಕಡೆ ಮೊಹರು ಇಲ್ದಿದ್ರೆ ನಡೆಯಲ್ಲ ಅಂತ ಅಪ್ಪಾನೇ ಹೇಳಿಕೊಟ್ಟಿದ್ದು" ಎಂದು ಮನೆಯ ಮೊಹರನ್ನು ಎರಡು ಕಡೆಯೂ ಒತ್ತಿದ.