ದನ ಕರೆಯೋ ಕೂಗು

ಉಂಬುಜೇರು ದೊಡ್ಡಿ, ಸಾಲ್ಗೇರು
ಜೂನ್ ಹತ್ತು

ಲಿಂದಾಲ್ವಕ್ಕಾ,

ಚೆನ್ನಾಗಿದ್ದೀಯಾ? ಗಂಟಲು ಹೇಗಿದೆ? ಅದು ಚೆನ್ನಾಗೇ ಇದೆ ಬಿಡು, ದಿನಾ ರೇಡಿಯೋದಲ್ಲಿ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಅಮ್ಮನ ಮಂಡಿನೋವು ಹಾಗೇ ಇದೆ. ಆದರೆ ನಿನ್ನ ಹಾಡು ಬಂದರೆ ಸಾಕು, ಒಲೆ ಮೇಲಿನ ಜೋಳದ ಹಿಟ್ಟು ಸೀದುಹೋದರೂ ಓಡಿಬಂದು ರೇಡಿಯೋ ಜೋರು ಮಾಡ್ತಾಳೆ.

ಸಾವೊ ಪಾವ್ಲೊದ ಬಾರುಗಳಲ್ಲಿ ಕುಡುಕರ ಮುಂದೆ ಹಾಡ್ತಿದ್ದಾಗ ನೀನಾಯ್ತು ನಿನ್ನ ಗಿಟಾರಾಯ್ತು ಅಂತ ಸುಮ್ಮನಿದ್ದೆ. ಸ್ವಂತ ಹಾಡು ಕಟ್ಟಿದೆ, ರೆಕಾರ್ಡು ಬಂತು, ರೆಸಿಫೆಯಲ್ಲಿ ಬಹುಮಾನ ಕೊಟ್ಟರು, ಪೇಪರಲ್ಲಿ ಫೋಟೋ. ಆಗಲೂ ಹಲ್ಲು ಕಚ್ಚಿಕೊಂಡೆ. ಆದರೆ ಈ ಹೊಸ ಹಾಡಿನ ಶುರುವಿಗೇ ಅಪ್ಪ ದನ ಕರೀತಿದ್ದ ಕೂಗನ್ನ ನೀನೇ ಕೂಗಿ ಹಾಕಿದ್ದೀಯಲ್ಲ, ಅದು ಯಾರದ್ದು ಅಂದುಕೊಂಡೆ? ಅಪ್ಪ ಅದನ್ನ ಕಲಿಸಿದ್ದು ನನಗೆ. ಇಸ್ಕೂಲು ಬಿಡಿಸಿ, ಕುದುರೆ ಹತ್ತಿಸಿ, ಮುಳ್ಳುಕಾಡಲ್ಲಿ ಮಂದೆಯ ಮುಂದೆ ತಾನು ಕೂಗ್ತಾ, ಹಿಂದಿನಿಂದ ನಾನು ಓಗೊಡ್ತಾ. ನೀನು ಬೇಲಿ ಆಚೆ ಬಟ್ಟೆ ಒಣಹಾಕ್ತಾ ಕೇಳಿಸಿಕೊಂಡವಳು. ಅಪ್ಪ ಹೋದಮೇಲೆ ನನ್ನ ಪಾಲಿಗೆ ಉಳಿದದ್ದು ಅವನು ಮುಳ್ಳುಕಾಡಿಗೆ ತೊಡ್ತಿದ್ದ ತೊಗಲಂಗಿ, ಆ ಕೂಗು, ಅಷ್ಟೇ.

ಹೋದ ಶನಿವಾರ ನಡೆದದ್ದು ಕೇಳು. ಇಪ್ಪತ್ನಾಲ್ಕರ ಸಂತ ಜೋವಾವ್ ಹಬ್ಬಕ್ಕೆ ನೀನು ಬಂದು ಊರ ಚೌಕದಲ್ಲಿ ಹಾಡ್ತೀಯ ಅಂತ ಸಾರಿಕೊಂಡು ಮೈಕಿನ ಕಾರು ನಮ್ಮ ರಸ್ತೆಗೆ ಬಂತು. ಹಾಡು ಹಾಕಿದರು. ನಿನ್ನ ಕೂಗು ಶುರುವಾದದ್ದೇ ತಡ, ಮೇಯ್ತಿದ್ದ ದನ ಅಷ್ಟೂ ತಲೆ ಎತ್ತಿ, ಬೇಲಿ ಮುರಿದು, ಕಾರಿನ ಹಿಂದೆ ಸಾಲಾಗಿ ಹೊರಟವು! ನಾನು ಕುದುರೆಯ ರಿಕಾಪಿನ ಮೇಲೆ ಎದ್ದು ನಿಂತು ಗಂಟಲು ಹರಿಯೋ ಹಾಗೆ ಕೂಗಿದೆ. ಒಂದೂ ತಿರುಗಿ ನೋಡಲಿಲ್ಲ. ನಾನೇ ಕೈಯಾರೆ ಹಾಲು ಕುಡಿಸಿ ಬೆಳೆಸಿದ ಹಸು ಎಸ್ತ್ರೆಲಾ ಕೂಡ. ಪಕ್ಕದ ಮನೆ ಜೆಸುಯೀನಣ್ಣ ಹೊಟ್ಟೆ ಹಿಡ್ಕೊಂಡು, "ಏ ಎರಿವಾನ್, ದನಗಳೂ ನಿಮ್ಮಕ್ಕನ ಪಾರ್ಟಿ ಸೇರಿಬಿಟ್ಟವಲ್ಲೋ!" ಅಂದ. ಅದೂ ಹೋಗಲಿ. ಅಮ್ಮ ಕಣ್ಣೊರೆಸಿಕೊಂಡು, "ಥೇಟ್ ನಿಮ್ಮಪ್ಪನ ದನಿ ಕಣೋ," ಅಂದಳು. ಅಪ್ಪ ಹೋದಾಗಿನಿಂದ ದಿನಾ ಸಂಜೆ ಅವಳ ಎದುರಿಗೇ ಕೂಗ್ತಿದ್ದೀನಿ. ನನಗೆ ಒಂದು ದಿನ ಆ ಮಾತು ಹೇಳಿದಳಾ?

ನೀನು ಬಾ, ಹಾಡು, ಊರೆಲ್ಲ ಕುಣೀಲಿ. ನಾನು ಚೌಕದ ಕಡೆ ತಲೆ ಹಾಕಿಯೂ ಮಲಗಲ್ಲ. ಮನೆ ಮುಂದೆ ಬೆಂಕಿ ಹಾಕಿಕೊಂಡು ಜೋಳದ ತೆನೆ ಸುಟ್ಟು ತಿಂತೀನಿ.

ಅಮ್ಮ ನಿನಗೆ ದೇವರ ಆಶೀರ್ವಾದ ಕಳಿಸಿದ್ದಾಳೆ. ನಾನು ಏನೂ ಕಳಿಸಿಲ್ಲ.

ನಿನ್ನ ತಮ್ಮ
ಎರಿವಾನ್

ಮರೆತಿದ್ದೆ. ಕೊನೆಗೆ ದನ ನಿಂತದ್ದು ಹೇಗೆ ಗೊತ್ತಾ? ನಿನ್ನ ಕೂಗು ಆದಮೇಲೆ ಒಂದು ಉಸಿರಿನಷ್ಟು ಖಾಲಿ ಬಿಟ್ಟಿದ್ದೀಯಲ್ಲ, ಗಿಟಾರೂ ಇಲ್ಲ ಏನೂ ಇಲ್ಲ, ಕಾರಿನವರು ಹಾಡು ಮತ್ತೆ ಮೊದಲಿಂದ ಹಾಕಿದಾಗ ಅಲ್ಲಿ ನಾನು, ಅಪ್ಪನಿಗೆ ಕೊಡ್ತಿದ್ದ ಹಾಗೇ, ಹಿಂದಿನಿಂದ ಓಗೊಟ್ಟೆ. ಆಗ ನಿಂತವು. ಆ ಜಾಗ ಬೇಕಂತಲೇ ಬಿಟ್ಟಿದ್ದಾ? ಹಬ್ಬದ ದಿನ ನೀನು ವೇದಿಕೆ ಹತ್ತೋದು ಎಷ್ಟು ಗಂಟೆಗೆ? ದನ ಬೇಗ ದೊಡ್ಡಿಗೆ ಕೂಡಬೇಕು, ಅದಕ್ಕೇ ಕೇಳಿದೆ. ತೊಗಲಂಗಿಗೆ ಎಣ್ಣೆ ಹಚ್ಚಿ ಬಿಸಿಲಿಗೆ ಹಾಕಿದ್ದೀನಿ.