ಕೋಣೆ ನಾನೂರ ಹನ್ನೆರಡಕ್ಕೆ ಕಟ್ಟಿದ ಗಂಟು

ಬಿಡುವು ತಿಂಗಳು, ಮೂವತ್ತೆರಡನೆಯ ದಿನ, ೨೩೧೪
ತಂಗುಗೋಪುರ, ಗದಗ

ಪೂಜ್ಯ ಕಸ್ತೂರೆವ್ವನವರಿಗೆ, ನಿಮ್ಮ ಹತ್ತನೆಯ ತಲೆಮಾರಿನ ಸೊಸೆ ಹಂಪವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಎಲ್ಲ ತಿಂಗಳುಗಳಿಂದ ಒಂದಷ್ಟು ದಿನ ಉಳಿಸಿ, ಗುಡಿಸಿ, ನಾವು ಹದಿಮೂರನೆಯದೊಂದು ಬಿಡುವು ತಿಂಗಳು ಮಾಡಿಕೊಂಡಿದ್ದೇವೆ. ನನ್ನ ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು, ಮನ್ನಿಸಬೇಕು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಅರವತ್ತು ದಾಟಿದ ಮೇಲೆ ಹಠಕ್ಕೆ ಬಿದ್ದು ಕಲಿತವಳು. ಈ ಕಾಗದ ಹಿಂದಂಚೆಯಲ್ಲಿ ಬರುತ್ತದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಮುಟ್ಟಿತೋ ಇಲ್ಲವೋ ಎಂದು ಯಾರೂ ತಿಳಿಸುವುದಿಲ್ಲ. ಆದರೂ ಜನ ಸಾಲುಗಟ್ಟಿ ನಿಂತು ಹಾಕುತ್ತಾರೆ, ನಾನೂ ನಿಲ್ಲುವವಳೇ.

ನೀವು ಮೈಸೂರಿನ ಹೋಟೆಲಿನಲ್ಲಿ ಆರು ದಿನ ಉಳಿಯಲು ಹೊರಟಾಗ ಬರೆದ ಸಾಮಾನಿನ ಪಟ್ಟಿ ನಮ್ಮ ಮನೆಯಲ್ಲಿ ಇನ್ನೂ ಇದೆ. ಹಳೆಯ ಚಾದರ, ದಿಂಬಿನ ಗವಸು, ಸ್ಟೀಲಿನ ಲೋಟ, ಶೇಂಗಾ ಚಟ್ನಿ, ಊದುಬತ್ತಿ, ಬಟ್ಟೆ ಒಣಹಾಕಲು ಹಗ್ಗ. ಹಗ್ಗದ ಮುಂದೆ ‘ಹೋಟೆಲಿನವರು ಬೈದರೂ ಸರಿ’ ಎಂದು ಬರೆದಿದ್ದೀರಿ. ಮದುವೆಯಾಗಿ ಬಂದ ವರ್ಷ ಅತ್ತೆ ಅದನ್ನು ಓದಿ ಹೇಳಿದಾಗಲೇ ನೀವು ನನಗೆ ಹಿಡಿಸಿಬಿಟ್ಟಿರಿ. ಈ ಮನೆಯಲ್ಲಿ ನನ್ನಂಥ ಮೊಂಡಿ ಮೊದಲೂ ಒಬ್ಬಳಿದ್ದಳಲ್ಲ ಎಂದು ಧೈರ್ಯ ಬಂದಿತ್ತು.

ಈಗ ನನ್ನ ಸಂಕಟ ಕೇಳಿ. ನಮ್ಮಲ್ಲಿ ನೆಲದ ರಜೆ ಎಂಬ ನಿಯಮವಿದೆ. ಹನ್ನೆರಡು ವರ್ಷಕ್ಕೊಮ್ಮೆ ಒಂದು ಓಣಿಯ ಮನೆಗಳನ್ನೆಲ್ಲ ಮಡಚಿಟ್ಟು, ಅಡಿಯ ಮಣ್ಣಿಗೆ ಒಂದು ವರ್ಷ ಬಿಸಿಲು ಗಾಳಿ ಕಾಣಿಸುತ್ತಾರೆ. ಅಷ್ಟು ದಿನ ಓಣಿಯವರು ತಂಗುಗೋಪುರದಲ್ಲಿ ಇರಬೇಕು. ನಿಮ್ಮ ಮಾತಿನಲ್ಲಿ ಹೋಟೆಲು ಅನ್ನಿ, ಎಂಬತ್ತು ಅಂತಸ್ತಿನದು. ಒಬ್ಬರಿಗೆ ಒಂದು ಗಂಟು, ಐದು ಕಿಲೋ ಮೀರುವಂತಿಲ್ಲ. ಕೋಣೆಗಳು ಚೆನ್ನಾಗಿಯೇ ಇವೆ, ಸುಳ್ಳು ಹೇಳಬಾರದು. ಗೋಡೆಗೆ ಕೇಳಿದ ಬಣ್ಣ ಬರುತ್ತದೆ, ಹಾಸಿಗೆ ನಮ್ಮ ಮೈ ಮುಟ್ಟಿ ನೋಡಿ ತಾನೇ ಬೆಚ್ಚಗಾಗುತ್ತದೆ. ಗೋಡೆ ಮಾತೂ ಆಡುತ್ತದೆ, ಬೆಳಗಾದರೆ ನಿದ್ದೆ ಹೇಗಾಯಿತು ಎಂದು ವಿಚಾರಿಸುತ್ತದೆ. ಬಂದ ದಿನವೇ ಅದಕ್ಕೆ ಬಾಯಿ ಮುಚ್ಚಿಕೊಂಡಿರು ಎಂದು ಹೇಳಿಬಿಟ್ಟೆ.

ನಮ್ಮವರ ಹೆಸರು ಶಿವಪುತ್ರಪ್ಪ. ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ, ಬರೆಯಲು ಅಡ್ಡಿಯಿಲ್ಲ. ಮೂರು ವರ್ಷದಿಂದ ಅವರಿಗೆ ಮರೆವು. ಮನೆಯಲ್ಲಿ ಹೇಗೋ ನಡೆಯುತ್ತಿತ್ತು, ತಲೆ ಮರೆತರೂ ಕಾಲಿಗೆ ದಾರಿ ಗೊತ್ತಿತ್ತು. ತಂಗುಗೋಪುರಕ್ಕೆ ಬಂದವರಿಗೆ ಒಂಬತ್ತು ದಿನದ ಒಗ್ಗುಗಡುವು ಕೊಡುತ್ತಾರೆ. ಅಷ್ಟರೊಳಗೆ ಸರಿಯಾಗಿ ಉಂಡು ತಿಂದು ಹೊಂದಿಕೊಳ್ಳದ ಮುದುಕರನ್ನು ನೋಟದ ಮನೆಗೆ ಒಯ್ಯುತ್ತಾರೆ. ಅಲ್ಲಿ ಆರೈಕೆಗೆ ಏನೂ ಕೊರತೆಯಿಲ್ಲ, ಆದರೆ ಹೆಂಡತಿಗೆ ಜಾಗವಿಲ್ಲ. ನಾವು ನಲವತ್ತಾರು ವರ್ಷ ಎದುರುಬದುರು ಕೂತು ಉಂಡವರು. ಅವರನ್ನು ಬಿಟ್ಟು ಒಂದು ವರ್ಷ ಇರುವ ಶಕ್ತಿ ನನ್ನಲ್ಲಿ ಇರಲಿಲ್ಲ.

ಅದಕ್ಕೇ ನಿಮ್ಮ ಪಟ್ಟಿಯನ್ನು ಮುಂದಿಟ್ಟುಕೊಂಡು, ನನ್ನ ಐದು ಕಿಲೋ, ಅವರ ಐದು ಕಿಲೋ, ಎರಡನ್ನೂ ಅವರಿಗಾಗಿಯೇ ಕಟ್ಟಿದೆ. ಅವರು ಹೊದೆಯುವ ಕೌದಿ, ತಲೆಯೆಣ್ಣೆಯ ವಾಸನೆ ಹಿಡಿದ ದಿಂಬಿನ ಗವಸು, ಅಂಚು ನೆಗ್ಗಿದ ಲೋಟ, ಚಟ್ನಿ ಡಬ್ಬಿ, ಒಂದು ಹಿಡಿ ಬೆಲ್ಲ, ಟವೆಲ್ ತೂಗುಹಾಕುವ ಗೂಟ ಕೂಡ. ನನ್ನ ಸೀರೆಗೆ ಉಳಿದದ್ದು ಅಂಗೈಯಗಲ ಜಾಗ, ಎರಡು ತುರುಕಿದೆ. ನಾನೂರ ಹನ್ನೆರಡನೆಯ ಕೋಣೆಗೆ ಬಂದವಳೇ, ಅವರನ್ನು ಹೊರಗೆ ಕೂಡಿಸಿ, ಮನೆಯಲ್ಲಿ ಯಾವುದು ಎಲ್ಲಿತ್ತೋ ಅಲ್ಲೇ, ಗೇಣು ಹಾಕಿ ಅಳೆದು ಇಟ್ಟೆ. ಭಾರಿ ಜಾಣೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅವರು ಒಳಗೆ ಬಂದರು. ಕೌದಿ ಸವರಿದರು, ಲೋಟ ಎತ್ತಿ ತಿರುವಿ ನೋಡಿದರು. ಮುಖ ಕಪ್ಪಿಟ್ಟಿತು.

“ಇವು ನಮ್ಮನಿ ಸಾಮಾನ ಅದಾವ. ಇಲ್ಲಿ ಯಾರ ತಂದ್ರು? ಕಳ್ಳರ ಮನ್ಯಾಗ ನಾ ಒಂದ ತುತ್ತೂ ಉಣ್ಣಂಗಿಲ್ಲ.”

ನಾನೇ ತಂದೆ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಎಲ್ಲವನ್ನೂ ಮಂಚದ ಕೆಳಗೆ ಬಚ್ಚಿಟ್ಟೆ. ಆಗ ಟವೆಲ್ ಹೆಗಲಿಗೆ ಹಾಕಿಕೊಂಡು, ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತರು. ಮಂದಿಯ ಮನೆಗೆ ಬಂದವರು ಹೇಗೆ ಕೂರುತ್ತಾರೋ ಹಾಗೆ. ರೊಟ್ಟಿ ಮುಂದಿಟ್ಟರೆ, “ಮನಿ ಯಜಮಾನ್ರು ಬರ್ಲಿ. ಅವರು ಕೂಡ್ರದ ನಾ ಹ್ಯಾಂಗ ಉಣ್ಣಲಿ?” ಎನ್ನುವರು. ಆರು ದಿನ ಬರೀ ಮಜ್ಜಿಗೆಯಲ್ಲಿ ಕಳೆಯಿತು. ನಿಮ್ಮ ಮೇಲೂ ಸಿಟ್ಟು ಬಂತು, ಕಸ್ತೂರೆವ್ವ, ನಿಮ್ಮ ಪಟ್ಟಿಯ ಮೇಲೂ.

ಏಳನೆಯ ದಿನ ಪಕ್ಕದ ಕೋಣೆಯ ಫಕೀರವ್ವ, ಗೋಡೆಯ ಬಾಯಿ ಮುಚ್ಚಿಸುವುದು ಹೇಗೆ ಎಂದು ಕೇಳಲು ಬಂದು ಬಾಗಿಲಲ್ಲಿ ನಿಂತಳು. ಇವರು ತಟ್ಟನೆ ಎದ್ದರು. ಮನೆಗೆ ಯಾರೇ ಬರಲಿ, ಮೊದಲು ಬೆಲ್ಲ ನೀರು ಕೊಟ್ಟು ಆಮೇಲೆ ಮಾತು ಎಂಬುದು ನಮ್ಮ ಕಡೆಯ ಪದ್ಧತಿ, ನಿಮಗೇನು ಹೊಸತಲ್ಲ. ಇವರು ಅತ್ತಿತ್ತ ತಡಕಾಡುವುದು ಕಂಡು, ಓಡಿಹೋಗಿ ಬೆಲ್ಲದ ಚೂರು ಕೈಗಿಟ್ಟೆ.

“ಬರ್ರಿ ಯಕ್ಕಾರ, ಹೊರಗ್ಯಾಕ ನಿಂತೀರಿ? ಬೆಲ್ಲ ತಗೋರಿ, ನೀರ ಕುಡೀರಿ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಏನ ನೋಡ್ತಿ? ಇವರಿಗೂ ಒಂದ ತಾಟ ಹಚ್ಚು,” ಎಂದರು.

ಬಂದವರೊಬ್ಬರನ್ನೇ ಉಣ್ಣಲು ಬಿಡುವುದುಂಟೇ? ತಾವೂ ಕೂತರು. ಎರಡು ರೊಟ್ಟಿ ಉಂಡರು. ಫಕೀರವ್ವನಿಗೆ ಆಗಲೇ ಊಟವಾಗಿತ್ತಂತೆ, ಪುಣ್ಯಾತ್ಗಿತ್ತಿ ತುಟಿ ಬಿಚ್ಚದೆ ಇನ್ನೊಮ್ಮೆ ಉಂಡಳು. ನಾನು ಒಲೆಯ ಕಡೆ ಮುಖ ಮಾಡಿ ಅತ್ತೆ.

ಅಂದಿನಿಂದ ಅಂತಸ್ತಿನವರೆಲ್ಲ ಪಾಳಿ ಹಚ್ಚಿ ಊಟದ ಹೊತ್ತಿಗೆ ಬರುತ್ತಾರೆ. ಮಂಚದ ಕೆಳಗಿನ ಕೌದಿಯನ್ನು ಈಗ ನಮ್ಮವರೇ ಎಳೆದು ತೆಗೆದು ಬಂದವರಿಗೆ ಹಾಸಿಕೊಡುತ್ತಾರೆ. ಒಂಬತ್ತನೆಯ ದಿನ ಬಂದ ತಪಾಸಣೆಯ ಹೆಣ್ಣುಮಗಳಿಗೂ ಬೆಲ್ಲ ಸಿಕ್ಕಿತು. ಅದನ್ನು ಚಪ್ಪರಿಸುತ್ತಲೇ ‘ಹೊಂದಿಕೊಂಡಿದ್ದಾರೆ’ ಎಂದು ಬರೆದು ಹೋದಳು.

ಈ ಕಾಗದ ನಿಮಗೆ ಮುಟ್ಟಿದರೆ ನನ್ನದೊಂದು ಬೇಡಿಕೆ. ಮೈಸೂರಿಗೆ ಹೊರಡುವಾಗ ಬಂದವರಿಗೆಂದು ಇನ್ನೊಂದು ಲೋಟ ಕಟ್ಟಿಕೊಳ್ಳಿ. ಪಟ್ಟಿಯಲ್ಲಿ ಅದನ್ನೂ ಬರೆದಿಡಿ. ನನಗೆ ಅದು ಮೊದಲೇ ತಿಳಿದಿದ್ದರೆ ಆರು ದಿನ ಅವರು ಉಪವಾಸ ಇರುತ್ತಿರಲಿಲ್ಲ.

ನಿನ್ನೆ ಮಧ್ಯಾಹ್ನ ಬಟ್ಟೆ ಒಗೆದುಕೊಂಡು ಬಂದೆ. ಬಾಗಿಲು ತೆರೆದವರು ಅವರೇ. ನನ್ನನ್ನು ನೋಡಿ ಕೈ ಮುಗಿದರು.

“ಬರ್ರಿ ತಾಯಿ, ಭಾಳ ದಣದೀರಿ. ನಿಮ್ಮನೀನ ಅಂತ ತಿಳ್ಕೋರಿ. ಯಾವೂರ ನಿಮ್ದು?”

ಒಗೆದ ಬಟ್ಟೆಯನ್ನು ಹೊಸ್ತಿಲಲ್ಲೇ ಇಳಿಸಿದೆ. ಆಮೇಲೆ ನನ್ನ ತವರಿನ ಹೆಸರು ಹೇಳಿದೆ, ಡಂಬಳ ಎಂದೆ. ಅವರ ಮುಖ ಅರಳಿತು. ಎಷ್ಟೋ ದಿನದಿಂದ ನಾನು ಕಾಣದ ನಗು ಅದು.

“ಹೌದ? ನಮ್ಮ ಮನ್ಯಾಕಿನೂ ಡಂಬಳದಾಕಿ. ಭಾಳ ಚಲೋ ಹೆಣಮಗಳು. ಇಲ್ಲೇ ಎಲ್ಲೋ ಹೋಗ್ಯಾಳ, ಈಗ ಬರ್ತಾಳ. ಆಕಿ ಬರೂತನಾ ಕೂಡ್ರಿ.”

ಬೆಲ್ಲ ಕೈಗೆ ಕೊಟ್ಟರು. ನಾನು ಕೂತೆ.

ನಿಮ್ಮ,
ಹಂಪವ್ವ